ಸೈಕಲ್ಲೇರಿದ ರಾಜರ ಕೇಕು

ಊಟದ ಕೋಣೆಯಲ್ಲಿ ಸೈಕಲ್ಲು ನಿಲ್ಲಿಸಬಾರದು ಅಂತ ಯಾವ ಕಾನೂನಿನಲ್ಲಿ ಬರೆದಿದೆ ಎಂಬುದು ಫುಲ್ಕ್ರಾನನ ಪ್ರಶ್ನೆ. ಬರೆದಿಲ್ಲ, ಒಪ್ಪೋಣ. ಆದರೆ ಅವನ ಹೆಂಡತಿ ಮಗಾಲಿಯ ಆಡಳಿತದಲ್ಲಿ ಕಾನೂನನ್ನು ಬರೆದಿಡುವ ಪದ್ಧತಿಯೇ ಇರಲಿಲ್ಲ. ಬಾಯಿಂದ ಹೊರಡುತ್ತಿತ್ತು, ಹೊರಟ ಕ್ಷಣದಿಂದ ಜಾರಿಯಾಗುತ್ತಿತ್ತು.

ದ್ರಾಕ್ಷಾರಸದ ಸಹಕಾರ ಸಂಘದಲ್ಲಿ ಮೂವತ್ತೆರಡು ವರ್ಷ ಪೀಪಾಯಿಗಳ ಉಸ್ತುವಾರಿ ನೋಡಿ ನಿವೃತ್ತನಾದ ಈ ಮಹಾನುಭಾವ ಆರಾಮಾಗಿ ಕೂತು ಕಾಲಹರಣ ಮಾಡಬಹುದಿತ್ತು. ಮಾಡಲಿಲ್ಲ. ಒಂದು ಗ್ರ್ಯಾವೆಲ್ ಸೈಕಲ್ ಕೊಂಡ. ದಪ್ಪ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಆಲಿವ್ ಹಸಿರು ಬಣ್ಣ. ಡಾಂಬರು ರಸ್ತೆಯೆಂದರೆ ಅದಕ್ಕೆ ಅವಮಾನ. ಜಲ್ಲಿ, ಕೆಸರು, ಮರದ ಬೇರು, ಇಂಥವೇ ಬೇಕು. ಶೆಡ್ಡಿನಲ್ಲಿಟ್ಟರೆ ಅದಕ್ಕೆ ಶೀತವಾದೀತೆಂದು ಊಟದ ಮೇಜಿನ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ. (ತನಗೆ ಶೀತವಾದಾಗ ಮಗಾಲಿ ಒಂದು ಲೋಟ ಕಷಾಯ ಕೇಳಿದರೆ ಈತನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅದು ಬೇರೆ ವಿಷಯ.)

ಜನವರಿಯ ಆ ಭಾನುವಾರ ಬೆಳಿಗ್ಗೆ ಜಗಳ ಶುರುವಾದದ್ದು ಕೇಕಿನಿಂದ. ಜನವರಿ ಪೂರ್ತಿ ಆ ದ್ರಾಕ್ಷಿತೋಟಗಳ ಸೀಮೆಯಲ್ಲಿ ಭಾನುವಾರದ ಊಟಕ್ಕೆ ರಾಜರ ಕೇಕು ಇರಲೇಬೇಕು. ದೊಡ್ಡ ಬಳೆಯಾಕಾರದ ಮೆತ್ತನೆಯ ಬನ್ನು, ಕಿತ್ತಳೆ ಹೂವಿನ ಘಮ, ಮೇಲೆ ಸಕ್ಕರೆಪಾಕದ ಹಣ್ಣುಗಳು, ಒಳಗೆಲ್ಲೋ ಅಡಗಿದ ಒಂದು ಪುಟ್ಟ ಪಿಂಗಾಣಿ ಗೊಂಬೆ. ಅದಕ್ಕೆ ಎಲ್ಲರೂ ಕಾಳು ಅಂತಲೇ ಅನ್ನುವುದು. ಯಾರ ತುಂಡಿನಲ್ಲಿ ಕಾಳು ಸಿಕ್ಕಿತೋ ಅವರು ಅಂದಿನ ರಾಜರು. ತಲೆಗೆ ಚಿನ್ನದ ಬಣ್ಣದ ಕಾಗದದ ಕಿರೀಟ, ಮತ್ತು ಮುಂದಿನ ಭಾನುವಾರದ ಕೇಕು ತರುವ ಭಾರ. ಹೋದ ವಾರ ಅತ್ತೆ ಮನೆಯಲ್ಲಿ ರಾಜನಾದವನು ಫುಲ್ಕ್ರಾನ.

"ಕೇಕು ಕಾರಲ್ಲಿ ನಾನು ತರ್ತೀನಿ. ನೀನು ನನ್ನ ಸವತಿ ಜೊತೆ ಮೆಲ್ಲಗೆ ಬಾ," ಅಂದಳು ಮಗಾಲಿ.

"ಯಾಕೆ? ನನ್ನ ಸೈಕಲ್ಲಿಗೆ ಏನಾಗಿದೆ? ಈ ಟೈರಿನ ಮೇಲೆ ಹಸಿ ಮೊಟ್ಟೆ ಇಟ್ಕೊಂಡು ಹೋದ್ರೂ ಒಡೆಯಲ್ಲ!"

"ಮೂವತ್ತನಾಲ್ಕು ಕಿಲೋಮೀಟರು ಮಾರಾಯ! ಗುಡ್ಡ ಬೇರೆ. ಬಡಗಣ ಗಾಳಿ ಹೆಂಚು ಹಾರಿಸ್ತಾ ಇದೆ."

"ಗಾಳಿ ನನ್ನ ಹಳೇ ಸ್ನೇಹಿತ."

ಮಗಾಲಿ ಕಾಫಿ ಬಟ್ಟಲನ್ನು ಕೆಳಗಿಟ್ಟಳು. ಅವಳು ಬಟ್ಟಲು ಕೆಳಗಿಟ್ಟಳೆಂದರೆ ಕಾನೂನು ಹೊರಡುತ್ತದೆಂದೇ ಅರ್ಥ.

"ಸರಿ. ಹನ್ನೆರಡರೊಳಗೆ ಕೇಕು ಇಡಿಯಾಗಿ ಅಮ್ಮನ ಮೇಜಿನ ಮೇಲಿದ್ರೆ ಈ ಸೈಕಲ್ಲು ಸಾಯೋತನಕ ಇಲ್ಲೇ ಇರ್ಲಿ, ನಾನು ಪಿಟ್ಟೆನ್ನಲ್ಲ. ಇಲ್ದಿದ್ರೆ ಇವತ್ತೇ ಬ್ಲೇಜನಿಗೆ ಕೊಟ್ಟುಬಿಡ್ತೀನಿ."

ಬ್ಲೇಜ್ ಅಂದರೆ ಮಗಾಲಿಯ ತಮ್ಮ, ತಾಯಿಯ ಜೊತೆಗೇ ಇರುವ ಐವತ್ತೊಂದರ ಬ್ರಹ್ಮಚಾರಿ. ಬಂದಾಗಲೆಲ್ಲ ಸೈಕಲ್ಲಿನ ಗಂಟೆ ಟಿಣ್ ಟಿಣ್ ಮಾಡಿ, "ಭಾವ, ಕೋಳಿಗೂಡಿಗೆ ಮೇವು ಸಾಗಿಸೋಕೆ ಹೇಳಿ ಮಾಡಿಸಿದ ಹಾಗಿದೆ," ಅನ್ನುವ ಪಾಪಿ.

ಫುಲ್ಕ್ರಾನನ ಅಭಿಮಾನ ಹೊತ್ತಿ ಉರಿಯಿತು. ತಿಂಡಿಯನ್ನೂ ಮುಟ್ಟದೆ, ಕೇಕನ್ನು ಬಟ್ಟೆಯಲ್ಲಿ ಸುತ್ತಿ ಹ್ಯಾಂಡಲ್ಲಿನ ಮುಂದೆ ಕಟ್ಟಿ ಹೊರಟೇಬಿಟ್ಟ.

ಮೊದಲ ಹತ್ತು ಕಿಲೋಮೀಟರು ಅವನು ಚಕ್ರವರ್ತಿ. ಕತ್ತರಿಸಿದ ದ್ರಾಕ್ಷಿ ಬುಡಗಳ ಸಾಲುಗಳ ನಡುವೆ ಕೆಂಪು ಮಣ್ಣಿನ ದಾರಿ, ಅಲ್ಲಲ್ಲಿ ಕಡ್ಡಿ ಸುಡುವ ಹೊಗೆ, ಕತ್ತರಿ ಹಿಡಿದವರು ಕೈಯೆತ್ತಿ, "ಏ ಫುಲ್ಕ್ರಾನ, ಯಾರು ಅಟ್ಟಿಸ್ಕೊಂಡು ಬರ್ತಿದಾರೋ?" ಎಂದು ಕೂಗುವರು. ಆಮೇಲೆ ಗುಡ್ಡ ಬಂತು. ಗುಡ್ಡದ ನೆತ್ತಿಯಲ್ಲಿ ಹಳೇ ಸ್ನೇಹಿತ ಎದುರಾದ. ಮುಂದಕ್ಕೆ ಒಂದು ತುಳಿತ ತುಳಿದರೆ ಗಾಳಿ ಎರಡು ಮಾರು ಹಿಂದಕ್ಕೆ ನೂಕುತ್ತಿತ್ತು. ಗುಡ್ಡ ಇಳಿದು ಕಾಲುವೆ ಏರಿಯ ಮೇಲಿನ ದಾರಿ ಹಿಡಿಯುವ ಹೊತ್ತಿಗೆ ಚಿನಾರ್ ಮರಗಳ ಬೇರುಗಳು ಅವನ ಹಲ್ಲುಗಳನ್ನೆಲ್ಲ ಒಂದೊಂದಾಗಿ ಮಾತಾಡಿಸಿದ್ದವು. ಕಣ್ಣು ಕತ್ತಲೆ ಬಂತು. ಖಾಲಿ ಹೊಟ್ಟೆಯಲ್ಲಿ ಸೈಕಲ್ ತುಳಿದವರಿಗೆ ಮಾತ್ರ ಗೊತ್ತಿರುವ ಆ ರಾಕ್ಷಸ ಹಸಿವು ಅವನನ್ನು ಹಿಡಿದುಕೊಂಡಿತು. ಮೂಗಿನ ನೇರಕ್ಕೆ ಕಿತ್ತಳೆ ಹೂವಿನ ಘಮ!

ಕಾಲುವೆಯ ತೂಬಿನ ಬಳಿ ಕಲ್ಲುಬೆಂಚು ಕಂಡಿತು. ಕೂತ. ಬಟ್ಟೆ ಬಿಚ್ಚಿದ. (ಕೇಕು ಸುಖವಾಗಿದೆಯೋ ಇಲ್ಲವೋ ನೋಡಲು ಮಾತ್ರ.) ಒಂದು ಚೂರು ಮುರಿದ. ಒಂದು ಚೂರು ತಿಂದರೆ ಅತ್ತೆಗೇನು ಗೊತ್ತಾಗುತ್ತದೆ? ಗೊತ್ತಾಗುತ್ತಿತ್ತು, ಏಕೆಂದರೆ ಬಳೆಯಲ್ಲಿ ಕಿಂಡಿ ಬಿದ್ದಿತ್ತು. ಮೆತ್ತನೆಯ ಬನ್ನು ತಾನೆ? ಎರಡು ತುದಿ ಎಳೆದು ಒತ್ತಿದ. ಕೂಡಿಕೊಂಡಿತು, ಆದರೆ ಮೂತಿ ಸೊಟ್ಟಗಾಯಿತು. ಸೊಟ್ಟ ತಿದ್ದಲು ಎದುರು ಬದಿಯಲ್ಲೂ ಅಷ್ಟೇ ತೆಗೆಯಬೇಕಾಯಿತು. ತೆಗೆದದ್ದನ್ನು ಎಸೆಯಲಾದೀತೇ, ಅನ್ನ ಅದು! ತಿಂದ. ಈಗ ಮೊಟ್ಟೆಯಾಕಾರ. ಹೀಗೆ ಗುಂಡಗೆ ಮಾಡುವ ಭಗೀರಥ ಪ್ರಯತ್ನದಲ್ಲಿ ಅವನು ಮೂರನೆಯ ತುಂಡು ಅಗಿಯುತ್ತಿದ್ದಾಗ ಹಲ್ಲಿಗೆ ಕಟಕ್ಕೆಂದಿತು.

ಕಾಳು! ಕಡಲೆ ಗಾತ್ರದ ಒಂದು ಪಿಂಗಾಣಿ ಹುಂಜ ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಕೆಳಗಿನಿಂದ ಬನ್ನಿನೊಳಗೆ ತುರುಕಿಬಿಟ್ಟರಾಯಿತು ಅಂದುಕೊಂಡ. ಆದರೆ ಚಳಿಗೆ ಮರಗಟ್ಟಿದ ಬೆರಳು ಅವನ ಮಾತು ಕೇಳಬೇಕಲ್ಲ? ಹುಂಜ ಜಾರಿ, ಬೆಂಚಿನ ಮೇಲೆ ಒಮ್ಮೆ ಕುಣಿದು, ಕಾಲುವೆಗೆ ಬಿದ್ದು ಬುಳುಕ್ ಎಂದಿತು. ಒಂದು ಬಾತುಕೋಳಿ ಬಂದು ನೋಡಿ ಹೋಯಿತು.

ಹನ್ನೆರಡಕ್ಕೆ ಎಂಟು ನಿಮಿಷವಿರುವಾಗ ಫುಲ್ಕ್ರಾನ ಅತ್ತೆ ಓನೊರೀನಳ ಮೇಜಿನ ಮೇಲೆ ಕೇಕು ಇಟ್ಟ. ಎಂಬತ್ತನಾಲ್ಕರ ಮುದುಕಿ ಕನ್ನಡಕ ಏರಿಸಿ ನೋಡಿದಳು.

"ಈ ಸಲ ಸಣ್ಣದಾಗಿದೆಯಲ್ಲ ಅಳಿಯಾ?"

"ಚಳಿ ಅತ್ತೆ, ಚಳಿಗೆ ಮುದುಡಿದೆ."

ಮಗಾಲಿ ಸುತ್ತ ತಿರುಗಿ ಪರೀಕ್ಷಿಸಿದಳು. ಬಳೆ ಬಳೆಯಾಗಿಯೇ ಇತ್ತು, ಒಡೆದಿರಲಿಲ್ಲ. ನಿಟ್ಟುಸಿರು ಬಿಟ್ಟಳು. "ಹಾಳಾಗಿ ಹೋಗ್ಲಿ. ಗೆದ್ದೆ." ಬ್ಲೇಜನ ಮುಖ ಹುಳ್ಳಗಾಯಿತು. ಫುಲ್ಕ್ರಾನನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಊಟ ಮುಗಿಯಿತು, ಕೇಕಿನ ಸರದಿ ಬಂತು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆ ಅಂತ ಕೂಗಬೇಕು, ಮೋಸವಾಗಬಾರದು ನೋಡಿ. ಆ ನಾಲ್ವರಲ್ಲಿ ಚಿಕ್ಕವನು ಬ್ಲೇಜ್. ಸೊಂಟ ಹಿಡಿದುಕೊಂಡು, ಅಯ್ಯಯ್ಯೋ ಎನ್ನುತ್ತ ಮೇಜಿನ ಕೆಳಗೆ ತೂರಿದ.

"ಇದು ಯಾರಿಗೋ?" ಚಾಕು ಹಿಡಿದ ಮಗಾಲಿ ಕೇಳಿದಳು.

"ಅಮ್ಮನಿಗೆ! ಬೇಗ ಹಂಚು, ಸೊಂಟ ಹೋಯ್ತು!"

ನಾಲ್ವರಿಗೆ ನಾಲ್ಕು ತುಂಡು, ಬಾಗಿಲಿಗೆ ಬರಬಹುದಾದ ಬಡವನ ಹೆಸರಿನಲ್ಲಿ ಒಂದು. ಎಲ್ಲರೂ ಹುಷಾರಾಗಿ ಅಗಿದರು. ಕಟಕ್ ಎನ್ನಲಿಲ್ಲ. ಬಡವನ ತುಂಡನ್ನೂ ಬಿಡಿಸಿ ನೋಡಿದರು. ಇಲ್ಲ.

"ಬ್ಲೇಜ್, ಬಾಯಿ ತೆಗಿ," ಅಂದಳು ಮಗಾಲಿ. "ಮುಂದಿನ ವಾರದ ಕೇಕು ತರಬೇಕಾಗತ್ತೆ ಅಂತ ನುಂಗಿದೀಯ!"

"ದೇವರಾಣೆಗೂ ಇಲ್ಲ ಕಣೇ!"

"ನುಂಗೋ ಜಾಯಮಾನದವನೇ ಇವ್ನು!" ಎಂದು ಫುಲ್ಕ್ರಾನ ಮೇಜು ಗುದ್ದಿದ. ಅಷ್ಟಕ್ಕೇ ಬಿಡಬಾರದಿತ್ತೇ? "ಜಿಪುಣತನಕ್ಕೂ ಒಂದು ಮಿತಿ ಬೇಕು!" ಎಂದೂ ಸೇರಿಸಿದ.

ಆಗ ಓನೊರೀನ್ ಚಮಚ ಕೆಳಗಿಟ್ಟು ಗಂಟಲು ಹಿಡಿದುಕೊಂಡಳು. "ಅವನನ್ನ ಬೈಬೇಡಿ. ಏನೋ ಗಟ್ಟಿಯಾದದ್ದು ನನ್ನ ಗಂಟಲಲ್ಲಿ ಇಳೀತು. ಇಲ್ಲಿ... ಈಗ ಎದೆ ಹತ್ರ ಇದೆ."

ಮಗಾಲಿ ಬೆಳ್ಳಗಾದಳು. "ಅಯ್ಯೋ ಅಮ್ಮಾ! ಬ್ಲೇಜ್, ಆಂಬುಲೆನ್ಸ್‌ಗೆ ಫೋನ್ ಮಾಡೋ!"

"ಹೊಟ್ಟೆ ಕೊಯ್ತಾರೇನೋ," ಅಂದಳು ಮುದುಕಿ ದೀನಳಾಗಿ. "ಈ ವಯಸ್ಸಲ್ಲಿ... ನನ್ನ ಕಪ್ಪು ಕೋಟು ಇಸ್ತ್ರಿ ಮಾಡಿಟ್ಟಿದೀನಿ, ಅದನ್ನೇ ತೊಡಿಸಿ."

ಬ್ಲೇಜ್ ಫೋನು ಒತ್ತತೊಡಗಿದ. ಫುಲ್ಕ್ರಾನನ ಕಣ್ಣು ಒಮ್ಮೆ ಅತ್ತೆಯ ಮೇಲೆ, ಒಮ್ಮೆ ಕಿಟಕಿಯಾಚೆ ನಿಂತ ಸೈಕಲ್ಲಿನ ಮೇಲೆ. ಏನೇ ಆಗಲಿ, ಮನುಷ್ಯ ಕೆಟ್ಟವನಲ್ಲ.

"ಫೋನಿಡೋ!" ಎಂದು ಕಿರುಚಿದ. "ಕಾಳು ಕಾಲುವೆಯಲ್ಲಿದೆ! ನಾನೇ ತಿಂದೆ! ಕಾಳನ್ನಲ್ಲ, ಕೇಕನ್ನ! ಮೂರು ಚೂರು!"

ಓನೊರೀನ್ ಗಂಟಲಿನಿಂದ ಕೈ ತೆಗೆದು ನೆಮ್ಮದಿಯಾಗಿ ದ್ರಾಕ್ಷಾರಸ ಗುಟುಕರಿಸಿದಳು.

"ಅರವತ್ತು ವರ್ಷದಿಂದ ಆ ಬೇಕರಿಯವ್ರ ಕೇಕು ತಿಂತಿದೀನಿ. ಎಂಟು ಹಣ್ಣಿರತ್ತೆ. ಇದ್ರಲ್ಲಿ ಐದಿತ್ತು. ಚಳಿಗೆ ಮುದುಡಿದ್ವು ಅಂತ ಕಾಣತ್ತೆ."

"ಬ್ಲೇಜ್," ಅಂದಳು ಮಗಾಲಿ, ಹಲ್ಲು ಕಚ್ಚಿ. "ಸೈಕಲ್ಲು ನಿಂದು."

ಬ್ಲೇಜ್ ಸೊಂಟನೋವು ಮರೆತು ಬಾಗಿಲಿಗೆ ಹಾರಿದ. ಆಗ ಫುಲ್ಕ್ರಾನನ ತಲೆಯಲ್ಲಿ ಮಿಂಚು ಹೊಡೆಯಿತು. ಮೇಜಿನ ಮೇಲಿದ್ದ ಕಿರೀಟವನ್ನು ಸೆಳೆದು ತಾನೇ ತಲೆಗಿಟ್ಟುಕೊಂಡ.

"ನಿಲ್ಲು! ಕಾಳು ಸಿಕ್ಕಿದ್ದು ಯಾರಿಗೆ? ನನಗೆ. ಅಂದ್ಮೇಲೆ ರಾಜ ಯಾರು? ನಾನು. ಮೇಜಿಂದ ಏಳೋತನಕ ರಾಜ ಹೇಳಿದ್ದೇ ಆಗಬೇಕು. ಸೈಕಲ್ಲು ಬ್ಲೇಜನಿಗಿಲ್ಲ!"

"ನ್ಯಾಯವಾದ ಮಾತು," ಅಂದಳು ಅತ್ತೆ. "ಪದ್ಧತಿ ಪದ್ಧತಿಯೇ. ಆದ್ರೆ ರಾಜ ರಾಣೀನೂ ಆರಿಸ್ಬೇಕಲ್ಲಪ್ಪ."

ಫುಲ್ಕ್ರಾನ ಹೆಂಡತಿಯ ಮುಖ ನೋಡಿದ. ಆ ಮುಖ ನೋಡಿ ಯಾರೂ ರಾಣಿಪಟ್ಟ ಕಟ್ಟುವಂತಿರಲಿಲ್ಲ. ಅತ್ತೆಯನ್ನು ಒಲಿಸಿಕೊಂಡರೆ ಇಡೀ ಮನೆತನವೇ ಕೈಗೆ ಬಂದಂತೆ! ನಡು ಬಗ್ಗಿಸಿ ನಮಸ್ಕರಿಸಿ, "ನೀವೇ ನನ್ನ ರಾಣಿ, ಅತ್ತೆ," ಅಂದ.

ಮುದುಕಿ ನಾಚಿ ಕೆಂಪಾದಳು. "ರಾಣಿ ಏನು ಕೇಳಿದ್ರೂ ರಾಜ ಇಲ್ಲ ಅನ್ನಬಾರದು, ಅಲ್ವೇ?"

"ಪ್ರಾಣ ಕೇಳಿ, ಕೊಡ್ತೀನಿ!"

"ಅದ್ಯಾಕೆ ನಂಗೆ? ಸೈಕಲ್ಲು ಇಲ್ಲೇ ಇರ್ಲಿ. ನನ್ನ ಒಗೆಯೋ ಕೋಣೇಲಿ ಜಾಗ ಇದೆ. ಪ್ರತಿ ಭಾನುವಾರ ಕಾರಲ್ಲಿ ಬಂದು, ಇದನ್ನೇರಿ ನಂಗೆ ಬ್ರೆಡ್ಡು, ತರಕಾರಿ, ಗ್ಯಾಸ್ ಸಿಲಿಂಡರು ತಂದುಕೊಡು. ಬೀಗದ ಕೈ ಎಲ್ಲಿ?"

ಸಂಜೆ ಕಾಲುವೆ ಪಕ್ಕದ ಡಾಂಬರು ರಸ್ತೆಯಲ್ಲಿ ಮಗಾಲಿ ಕಾರು ಓಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಅಮ್ಮ ಕಟ್ಟಿಕೊಟ್ಟ ಅಡುಗೆಯ ಪಾತ್ರೆಗಳಿದ್ದವು; ರಾಜರು ಹಿಂದಿನ ಸೀಟಿನ ನಟ್ಟನಡುವೆ ಕೂತಿದ್ದರು. ಮಗಾಲಿ ಬಹಳ ದಿನಗಳ ಮೇಲೆ ಹಾಡು ಗುನುಗುತ್ತಿದ್ದಳು. ಮಧ್ಯೆ ಒಮ್ಮೆ ನಿಲ್ಲಿಸಿ ಕನ್ನಡಿ ನೋಡಿ ಅಂದಳು:

"ಆ ಕಿರೀಟ ತೆಗಿ ಮಾರಾಯ, ಹಿಂದೆ ಬರೋ ಗಾಡಿ ಕಾಣಿಸ್ತಿಲ್ಲ."