ನಮ್ಮಮ್ಮನ ಪಾದಗಳಿಗೆ ಹೆಸರು ಕೊಡುವ ಬಗ್ಗೆ

ಬಡತನದ ಮೇಲೆ ಎರಡೂವರೆ ಗಂಟೆ ಬೆಳಕು ಚೆಲ್ಲಿದ ಮಾನ್ಯ ನಿರ್ದೇಶಕರೇ,

ನಮ್ಮ ಓಣಿಯ ಹದಿನೇಳು ಮನೆಗಳ, ಒಂದು ನಲ್ಲಿಯ ಹಾಗೂ ತಮ್ಮ ಚಿತ್ರದಲ್ಲಿ ಅಭಿನಯಿಸಿದ ಒಂದು ಮೇಕೆಯ ಪರವಾಗಿ ತಮಗೆ ಅನಂತ ವಂದನೆಗಳು.

ತಾವು ನಮ್ಮ ಮನೆಯಲ್ಲೇ ಇಪ್ಪತ್ತು ದಿನ ಬೀಡುಬಿಟ್ಟು ತೆಗೆದ ಬಡ ಸಂಸಾರದ ಕಥೆಯಲ್ಲಿ ಎಲ್ಲ ಬಗೆಯ ಜನರಿಗೂ ಪ್ರಾತಿನಿಧ್ಯವಿದೆ ಎಂದು ಸಂದರ್ಶನದಲ್ಲಿ ಹೇಳಿದ್ದೀರಿ. ಅಕ್ಷರಶಃ ನಿಜ. ಹಸಿದು ಬಳಲುವ ಅಪ್ಪನ ಪಾತ್ರಕ್ಕೆ, ನಮ್ಮ ಬಾಗಿಲಲ್ಲಿ ಅಡ್ಡ ತಿರುಗಿಯೇ ಒಳಬರಬೇಕಾದಂಥ ತೋಳುಗಳ ನಟ. ಶಾಲೆ ಬಿಟ್ಟ ಮಗಳ ಪಾತ್ರಕ್ಕೆ ತಮ್ಮ ಭಾವಮೈದುನನ ಮಗಳು. ಅಮ್ಮನ ಪಾತ್ರಕ್ಕೆ, ದಿನಾ ಎರಡು ಗಂಟೆ ಮಸಿ ಬಳಿದರೂ ಫಳಫಳ ಹೊಳೆಯುವ ಹೆಸರಾಂತ ನಟಿ. ಇಷ್ಟೊಂದು ವೈವಿಧ್ಯವನ್ನು ಒಂದೇ ಹರಕು ಚಾಪೆಯ ಮೇಲೆ ಕೂರಿಸುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ.

ಆ ಅಮ್ಮನ ಪಾತ್ರವನ್ನು ನಮ್ಮಮ್ಮನೂ ಕೇಳಿದ್ದಳು. ಕಥೆಯ ಅಮ್ಮ ಟೈಲರ್, ಇವಳೂ ಟೈಲರ್. ಮನೆ ಇವಳದ್ದೇ, ಹೊಲಿಗೆ ಮಷಿನ್ನೂ ಇವಳದ್ದೇ. ತಾವು ಅವಳನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ, ‘ಅಮ್ಮ, ಸ್ವಲ್ಪ ಬಡವರ ಥರ ನೋಡಿ’ ಎಂದಿರಿ. ‘ಅಯ್ಯೋ, ದಿನಾ ಹೀಗೇ ಅಲ್ವಾ ನೋಡೋದು!’ ಎಂದು ನಕ್ಕುಬಿಟ್ಟಳು. ಮುಖದಲ್ಲಿ ಬಡತನ ಸಾಲದೆಂದು ತಾವು ಕೈಬಿಟ್ಟಿರಿ. ಮೂವತ್ತು ವರ್ಷಗಳ ಅನುಭವವಿದ್ದೂ ಫೇಲಾದಳಲ್ಲ ಎಂದು ನಮಗೂ ನಾಚಿಕೆಯಾಯಿತು.

ಆದರೆ ನಟಿಯ ಕಾಲಿಗೆ ಪೆಡಲು ಒಲಿಯಲಿಲ್ಲ. ಹೊಲಿಯಿರಿ ಅಂದರೆ ಸೈಕಲ್ ಹೊಡೆದರು. ದಾರ ಹರಿಯಿತು, ಸೂಜಿ ಮುರಿಯಿತು. ಕೊನೆಗೆ ಮುಖ ಅವರದ್ದು, ಪಾದ ಅಮ್ಮನದ್ದು ಎಂದು ತೀರ್ಮಾನವಾಯಿತು. ಅಮ್ಮನ ಕಾಲುಗುರುಗಳಿಗೆ ಕೆಂಪು ಬಣ್ಣವಿತ್ತು. ಕಾಣದಿರಲೆಂದು ಮೇಕಪ್ಪಿನವರು ಕೆಸರು ಮೆತ್ತಿದರು. ಗಿರಾಕಿಗಳ ಬಟ್ಟೆ ತಾಗುವ ಮಷಿನ್ನಿಗೆ ಕೆಸರುಗಾಲು ಇಟ್ಟು ಅವಳಿಗೆ ರೂಢಿಯಿಲ್ಲ. ಪ್ರತಿ ಸಲವೂ ‘ಆ್ಯಕ್ಷನ್’ ಎನ್ನುವ ಮೊದಲು ಚಿಂದಿಬಟ್ಟೆಯಲ್ಲಿ ಸದ್ದಿಲ್ಲದೆ ಒರೆಸಿಕೊಂಡಳು. ಹೀಗಾಗಿ ತಮ್ಮ ಚಿತ್ರದಲ್ಲಿ ಮೇಲೆ ಮುಖ ಗೊಳೋ ಎಂದು ಅಳುವಾಗ, ಕೆಳಗೆ ಕೆಂಪುಗುರಿನ ಕಾಲುಗಳು ಹಾಯಾಗಿ ಕುಣಿಯುತ್ತವೆ.

ಆ ಕೆಂಪು ‘ಅದುಮಿಟ್ಟ ಆಸೆಗಳ ಪ್ರತೀಕ’ ಎಂದು ವಿಮರ್ಶಕರು ಬರೆದರು. ಅದಕ್ಕಾಗಿ ಆರು ತಿಂಗಳು ಚಿಂತಿಸಿದೆ ಎಂದು ತಾವೂ ಹೇಳಿಕೆ ಕೊಟ್ಟಿರಿ. ಪೇಪರ್ ಓದಿದ ಅಮ್ಮ, ‘ಪಾಪ, ಆರು ತಿಂಗಳಾ? ನಂಗೆ ಐದು ನಿಮಿಷ ಹಿಡಿದಿತ್ತು’ ಎಂದು ಮರುಗಿದಳು.

ಇಷ್ಟು ಪ್ರಸಿದ್ಧವಾದ ಕಾಲುಗಳಿಗೆ ಹೆಸರು ಇದ್ದೇ ಇರುತ್ತದೆಂದು ಕಳೆದ ವಾರ ಓಣಿಗೆ ಓಣಿಯೇ ಥಿಯೇಟರಿಗೆ ಹೊರಟಿತು. ಪಾದಗಳು ಕಂಡಾಗಲೆಲ್ಲ ನಾವು ಹಾಕಿದ ಶಿಳ್ಳೆಗೆ, ಕರವಸ್ತ್ರ ಹಿಡಿದು ಅಳುತ್ತಿದ್ದ ಪ್ರೇಕ್ಷಕರು ಸಿಡಿಮಿಡಿಗೊಂಡರು. ಚಿತ್ರ ಮುಗಿದು ತೆರೆಯ ಮೇಲೆ ಕೆಲಸ ಮಾಡಿದವರ ಹೆಸರುಗಳು ಹರಿದವು. ಡ್ರೈವರ್, ಅಡುಗೆಯವರು, ಕೊನೆಗೆ ಮೇಕೆಯ ಹೆಸರೂ ಬಂತು. ‘ತಡಿ, ಇನ್ನೂ ಇದೆ’ ಎಂದು ಅಮ್ಮ ನನ್ನ ಕೈ ಹಿಡಿದು ಕೂತಳು. ದೀಪ ಹತ್ತಿತು. ಕಸ ಗುಡಿಸುವವರು ಬಂದರು. ಆಗಲೂ ನಕ್ಕಳು; ಆ ನಗು ಮಾತ್ರ ತಮ್ಮ ಪರೀಕ್ಷೆಯಲ್ಲಿ ಖಂಡಿತ ಪಾಸಾಗುತ್ತಿತ್ತು.

ಆದಕಾರಣ, ‘ಕಾಲುಗಳು’ ಎಂಬ ಹೊಸ ವಿಭಾಗ ತೆರೆದು ಅಮ್ಮನ ಹೆಸರು ಸೇರಿಸಬೇಕಾಗಿ ಪ್ರಾರ್ಥನೆ. ಮೂರೇ ಅಕ್ಷರ. ಜಾಗವಿಲ್ಲದಿದ್ದರೆ ಮೇಕೆಯ ಪಕ್ಕದಲ್ಲೇ ಹಾಕಿ. ಮೇಕೆಯ ಒಪ್ಪಿಗೆ ಪಡೆದಿದ್ದೇವೆ. ಜೊತೆಗೆ, ಮುಂದಿನ ಚಿತ್ರಗಳಲ್ಲಿ ಬಡವರ ಮನೆಗೆ ಅರ್ಧ ಗಂಟೆಗೊಂದರಂತೆ ನಗು ಮಂಜೂರು ಮಾಡಿದರೆ ನಾವು ಚಿರಋಣಿಗಳು.

ಇಂತಿ ತಮ್ಮ ವಿಶ್ವಾಸಿ,
ಆ ಎರಡು ಕಾಲುಗಳ ಹಿರಿಮಗಳು

ತಾ.ಕ.: ಚಿತ್ರದ ಎರಡನೇ ಭಾಗಕ್ಕೂ ಅಮ್ಮನ ಪಾದಗಳೇ ಬೇಕೆಂದು ತಮ್ಮ ಕಚೇರಿಯಿಂದ ನಿನ್ನೆ ಫೋನ್ ಬಂದಿತ್ತು. ಅಮ್ಮ ಈಗ ಹಸಿರು ಬಣ್ಣ ಹಚ್ಚಿಕೊಂಡಿದ್ದಾಳೆ. ಅದರ ಅರ್ಥವೇನೆಂದು ಈಗಿನಿಂದಲೇ ಯೋಚಿಸಲು ಕೂತರೆ ಆರು ತಿಂಗಳಿಗೆ ಸರಿಹೋಗುತ್ತದೆ.