ರಿಪೀಟ್ ಅನ್ನಬಾರದ ಮನೆ

ಜೂನ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳೂ ಹತ್ತಕ್ಕೆ ಈ ಪತ್ರಿಕೆಗೆ ಇದನ್ನು ಬರೆಯಲು ಕೂತಿದ್ದೇನೆ. ಸಿಟ್ಟಿನಲ್ಲಿ ಕೂತಿದ್ದೇನೆ ಎಂಬುದನ್ನೂ ದಿನಚರಿಯ ಪದ್ಧತಿಯಂತೆ ಮೊದಲೇ ನಮೂದಿಸುತ್ತೇನೆ.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಎರಡು ನೌಕರಿ ಮಾಡಿ ಎರಡರಲ್ಲೂ ಗೈರುಹಾಜರಿ ಗಿಟ್ಟಿಸಿಕೊಂಡ ಏಕೈಕ ಮನುಷ್ಯ. ವರ್ಷಕ್ಕೆ ಹತ್ತು ತಿಂಗಳು ಅವರು ಜಮಖಂಡಿಯ ಒಂದು ಇಂಟರ್‌ನೆಟ್ ಕಂಪನಿಯಲ್ಲಿ ನೆಟ್‌ವರ್ಕ್ ಎಂಜಿನಿಯರ್. ಉಳಿದ ಎರಡು ತಿಂಗಳು ಸೈನ್ಯದ ಮೀಸಲು ಪಡೆಯಲ್ಲಿ ಕ್ಯಾಪ್ಟನ್. ಇಲ್ಲಿ ಮುಧೋಳದಿಂದ ಬೀಳಗಿಯವರೆಗೆ ಕಂಬದಿಂದ ಕಂಬಕ್ಕೆ ಕೇಬಲ್ ಎಳೆಯುತ್ತಾರೆ, ಅಲ್ಲಿ ಡೇರೆಯಿಂದ ಡೇರೆಗೆ. ಕೆಲಸ ಒಂದೇ, ಬೂಟು ಬೇರೆ.

ನನಗೇಕೆ ಸಿಟ್ಟು ಎಂದರೆ, ಕಾಕಾನ ಗತಿಯೇ ನಾಳೆ ನನ್ನ ಗತಿ. ನಾನೂ ಮುಧೋಳದ ಕಡೆಯ ಒಂದು ಕಾರ್ಖಾನೆಯಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಸೇರಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳದೆ, ಬೆಳಿಗ್ಗೆ ಐದಕ್ಕೆ ಎದ್ದು, ಅದೇ ಮೀಸಲು ಪಡೆಯ ಅಧಿಕಾರಿ ಪರೀಕ್ಷೆಗೆ ಓದುತ್ತಿದ್ದೇನೆ.

ಹುನ್ನೂರಿನ ನಮ್ಮ ಮನೆಯಲ್ಲಿ ‘ಮೀಸಲು’ ಎಂದರೆ ಬೀರೇಶ್ವರನಿಗೆ ತೆಗೆದಿಟ್ಟ ಬೆಣ್ಣೆ. ಕಾಕಾ ಮೊದಲ ಸಲ ಸಮವಸ್ತ್ರ ಹಾಕಿ ಬಂದಾಗ ಆಯಿ, ಅವರ ತಾಯಿ, ಕೇಳಿದಳಂತೆ:

“ಮೀಸಲ ಅಂದ್ರ ದೇವರಿಗೆ ಎತ್ತಿಟ್ಟಂಗ ಏನೋ?”

“ದೇಶಕ್ಕ ಎತ್ತಿಟ್ಟಂಗ, ಯವ್ವಾ.”

ಅಂದಿನಿಂದ ಕಾಕಾನಿಗೆ ಬಡ್ತಿ ತಪ್ಪಿದಾಗಲೆಲ್ಲ ಆಯಿಯ ಬಳಿ ಕಾರಣ ಸಿದ್ಧ. “ಮೀಸಲ ಇಟ್ಟಿದ್ದನ್ನ ಯಾರ ಮುಟ್ಟತಾರ? ಅದಕ್ಕ ಬಿಟ್ಟಾರ.”

ಎರಡು ತಿಂಗಳ ತರಬೇತಿ ಮುಗಿಸಿ ಬಂದ ಕಾಕಾನೊಡನೆ ಬಾಳುವುದು ಒಂದು ಪ್ರತ್ಯೇಕ ತರಬೇತಿ. ಫೋನಿನಲ್ಲಿ ಮಾತು ಮುಗಿದರೆ ‘ಔಟ್’ ಎನ್ನುತ್ತಾರೆ. ಒಮ್ಮೆ ಹಾಲಿನವನಿಗೆ ಹಾಗೆಂದಾಗ, ಅವನು ಯಾರೋ ತೀರಿಕೊಂಡರೆಂದು ತಿಳಿದು ಓಡಿ ಬಂದಿದ್ದ. ಇದಕ್ಕಿಂತ ದೊಡ್ಡ ಕಾನೂನು ಊಟಕ್ಕೆ ಕೂತಾಗಿನದು. ಒಂದು ದಿನ ಕಾಕು, ಅಂದರೆ ಕಾಕಾನ ಹೆಂಡತಿ, ರೊಟ್ಟಿ ಹಿಡಿದು, “ರಿಪೀಟ್ ಏನ್ರಿ?” ಎಂದಳು. ಕಾಕಾನ ಕೈ ತಟ್ಟೆಯ ಮೇಲೇ ನಿಂತಿತು.

“ರಿಪೀಟ್ ಅನಬ್ಯಾಡ. ವೈರ್‌ಲೆಸ್‌ನ್ಯಾಗ ರಿಪೀಟ್ ಅಂದ್ರ ಮತ್ತೊಮ್ಮೆ ತೋಪು ಹೊಡೀರಿ ಅಂತ ಅರ್ಥ. ‘ಸೇ ಅಗೇನ್’ ಅನಬೇಕು.”

“ಹೊಡದ್ರ ಹೊಡೀಲಿ, ರೊಟ್ಟಿ ಆರಾಕತ್ತಾವ,” ಎಂದಳು ಕಾಕು.

ಆದರೂ ಕಾನೂನು ಜಾರಿಗೆ ಬಂತು. ಇಂದಿಗೂ ನಮ್ಮ ಮನೆಯಲ್ಲಿ ಪಲ್ಯ ಇನ್ನೊಮ್ಮೆ ಬೇಕಾದವರು ತಟ್ಟೆ ಮುಂದೆ ಚಾಚುತ್ತಾರೆ, ಬಾಯಿ ಬಿಡುವುದಿಲ್ಲ.

ಮನೆಯ ವೈಫೈ ಕೂಡ ಗಡಿ ಪ್ರದೇಶವೇ. ಅತಿಥಿಗಳಿಗೆ ಹತ್ತೇ ನಿಮಿಷ, ಅದೂ ಉದ್ದೇಶ ಹೇಳಿದ ಮೇಲೆ. ಮಹಾಲಿಂಗಪುರದಿಂದ ಬಂದ ಕಾಕಾನ ಮಾವ, ಬೆಲ್ಲದ ವ್ಯಾಪಾರಿ, ಪಾಸ್‌ವರ್ಡ್ ಕೇಳಿದರು.

“ಯಾವ ಉದ್ದೇಶಕ್ಕರಿ ಮಾವಾರ?”

“ಬೆಲ್ಲದ ರೇಟ್ ನೋಡಬೇಕೋ ಮಾರಾಯಾ.”

ಕಾಕಾ ಹತ್ತು ನಿಮಿಷ ಕೊಟ್ಟರು. ಮಾವನವರು ಕನ್ನಡಕ ಹುಡುಕುವುದರಲ್ಲಿ ಒಂಬತ್ತು ಕಳೆದವು. ಎರಡನೆಯ ಅರ್ಜಿ ಮಂಜೂರಾಗುವಷ್ಟರಲ್ಲಿ ರೇಟು ಇಳಿದಿತ್ತು. ಅವರು ಆ ಮೇಲೆ ನಮ್ಮ ಮನೆಗೆ ಬಂದದ್ದು ನನ್ನ ದಿನಚರಿಯಲ್ಲಿಲ್ಲ.

ಇಷ್ಟು ಶಿಸ್ತಿನ ಮನುಷ್ಯನಿಗೆ ಕಂಪನಿಯ ಹಿರಿಯ ಎಂಜಿನಿಯರ್ ಹುದ್ದೆ ಈ ಸಲವೂ ತಪ್ಪಿತು. ಮೂರನೆಯ ಸಲ. ಮ್ಯಾನೇಜರ್ ಹೇಳಿದ ಕಾರಣವನ್ನು ಕಾಕಾ ಮನೆಗೆ ಬಂದು ವರದಿ ಮಾಡಿದ್ದು ಹೀಗೆ: “ನಿಮ್ಮ ವರ್ಷಕ್ಕ ಹತ್ತ ತಿಂಗಳು, ಬಾಕಿ ಎರಡು ಗ್ಯಾಪ್ ಅಂದ್ರು.” ಗ್ಯಾಪ್! ಮರುಭೂಮಿಯ ಬಿಸಿಲಲ್ಲಿ ಮರಳಿನ ಕೆಳಗೆ ಕೇಬಲ್ ಹೂಳುವುದು ಗ್ಯಾಪ್ ಆದರೆ, ಮ್ಯಾನೇಜರರ ಮಧ್ಯಾಹ್ನದ ನಿದ್ದೆ ಯಾವ ಕಾಲಂ? ಪಡೆಯ ಕಡೆಯೂ ಹೆಚ್ಚು ಕಡಿಮೆ ಇದೇ. ಮುಂದಿನ ಕೋರ್ಸಿಗೆ ಅರ್ಜಿ ಹಾಕಿದರೆ, ಹತ್ತು ತಿಂಗಳ ಕಂಬ ಹತ್ತುವಿಕೆ ‘ಸಿವಿಲ್’ ಎಂದು ಬದಿಗೆ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಕೂಡಿಸುವ ಒಬ್ಬ ಪುಣ್ಯಾತ್ಮ ಈ ದೇಶದಲ್ಲಿ ಇಲ್ಲವೇ?

ಹುದ್ದೆ ಸಿಕ್ಕಿದ್ದು ಬನಹಟ್ಟಿಯ ನೇಕಾರರ ಮನೆಯ ಹುಡುಗನಿಗೆ. ಕೇಬಲಿನೊಳಗಿನ ಗಾಜಿನ ಎಳೆಗಳನ್ನು ಬೆಸೆಯಲು ಅವನಿಗೆ ಕಲಿಸಿದವರು ಕಾಕಾ. ಹೊಸ ಹಿರಿಯನಿಗೆ ಎಲ್ಲ ಅಧಿಕಾರವಿರುವ ಲಾಗಿನ್ ತೆರೆದುಕೊಡುವ ಕೆಲಸವೂ ಕಾಕಾನಿಗೇ ಬಂತು. ತಮ್ಮ ಅಧಿಕಾರವನ್ನು ತಾವೇ ಒಂದು ಮೆಟ್ಟಿಲು ಇಳಿಸಿ, ಅವನದನ್ನು ಏರಿಸಿ, ಕೆಲಸ ಮಾಡುತ್ತದೋ ಇಲ್ಲವೋ ಎಂದು ಎರಡು ಸಲ ಪರೀಕ್ಷಿಸಿ ಬಂದರು. ಸಂಜೆ ಆ ಹುಡುಗ ಪೇಢೆ ಹಿಡಿದು ಬಾಗಿಲಲ್ಲಿ ನಿಂತ.

“ಸರ, ನಂಗ ನಾಚಿಕಿ ಆಗಾಕತ್ತೈತ್ರಿ.”

“ನಾಚಿಕಿ ಯಾಕಲೇ? ಪಾಸ್‌ವರ್ಡ್ ಬದಲ ಮಾಡಿದಿಲ್ಲೋ?”

“ಇಲ್ರಿ ಸರ.”

“ಅದಕ್ಕ ನಾಚಿಕಿ ಪಡು.”

ಕಾಕು ನಕ್ಕಳು. ನಾನು ಪೇಢೆ ಮುಟ್ಟಲಿಲ್ಲ. ಹುಡುಗ ಹೋದ ಮೇಲೆ ಅಂಗಳದಲ್ಲಿ ಕಾಕಾನನ್ನು ಹಿಡಿದು ನಿಲ್ಲಿಸಿದೆ.

“ಎರಡೂ ಕಡೆ ಅರ್ಧ ಆಗೂದಕ್ಕಿಂತ ಒಂದ ಬಿಟ್ಟಬಿಡ್ರಿ ಕಾಕಾ. ಯಾರ ಸಲುವಾಗಿ ಇದೆಲ್ಲಾ?”

ಕಾಕಾ ಬೂಟಿನ ಮಣ್ಣು ಕೆರೆಯುತ್ತಿದ್ದರು. “ಬಿಟ್ರ ಏನಂತಾರ ಗೊತ್ತೈತೇನ? ಹಿಂದೊಬ್ಬಾಂವ ಇದ್ದ, ಎರಡೂ ನಡಸಾಕ ಆಗಲಿಲ್ಲ, ಬಿಟ್ಟ ಅಂತಾರ.”

“ಅನ್ಲಿ. ಯಾರಿಗೆ ಅಂತಾರ?”

“ನಿನಗ.”

ಕಾಕಾ ಇನ್ನೊಂದು ಬೂಟು ಕೈಗೆತ್ತಿಕೊಂಡರು.

“ಬೆಳಿಗ್ಗೆ ಐದಕ್ಕ ನಿನ್ನ ಲ್ಯಾಪ್‌ಟಾಪ್ ಯಾವ ಪರೀಕ್ಷಾದ ಸೈಟಿಗೆ ಹೋಗತೈತಿ ಅಂತ ನಂಗ ಕಾಣೂದಿಲ್ಲೇನ? ಐದರಿಂದ ಏಳರ ತನಕ ಮನಿ ಲೈನ್ ಪೂರ್ತಿ ನಿನ್ನ ಕಡೆ ಬಿಟ್ಟೀನಿ. ನಿಮ್ಮ ಕಾಕು ಫೋನಿನ್ಯಾಗ ಭಜನಿ ಯಾಕ ಹತ್ತವಲ್ದು ಅಂತ ದಿನಾ ಬೈತಾಳ.”

ಸ್ವಂತ ಮಾವನಿಗೆ ಹತ್ತು ನಿಮಿಷ ಅಳೆದು ಕೊಟ್ಟ ಮನುಷ್ಯ! ಆಗ ತಿಳಿಯಿತು, ಆ ಎರಡು ತಿಂಗಳನ್ನು ಅನುಭವವೆಂದು ಎಣಿಸುವ ನಿಯಮ ಉಂಟೇ ಎಂಬ ಒಂದೇ ಪ್ರಶ್ನೆಯನ್ನು ಪ್ರತಿ ವರ್ಷ ಕಂಪನಿಗೆ ಅವರು ಕೇಳುತ್ತ ಬಂದದ್ದು ತಮಗಾಗಿ ಮಾತ್ರ ಅಲ್ಲ. ನಾನು ಹೋಗುವಷ್ಟರಲ್ಲಿ ಉತ್ತರವೊಂದು ಸಿದ್ಧವಿರಲಿ ಎಂದು. ಪ್ರತಿ ವರ್ಷವೂ ಬಂದದ್ದು ‘ಮೇಲೆ ಕೇಳಿ ಹೇಳುತ್ತೇವೆ’ ಎಂಬ ಮಾತು.

“ಈ ಸಲಾನೂ ಉತ್ತರ ಬರಲಿಲ್ಲಲ್ಲ. ಈಗೇನ ಮಾಡೂದು?” ಎಂದೆ.

ಕಾಕಾ ಅಡುಗೆಮನೆಯ ಕಡೆ ನೋಡಿದರು. ಕಾಕುವಿನ ಕಿವಿಗೆ ಬೀಳದಂತೆ ದನಿ ತಗ್ಗಿಸಿದರು.

“ರಿಪೀಟ್.”

ಆದ್ದರಿಂದ ಈ ಸಲದ ತೋಪು ನನ್ನದು. ಮೀಸಲು ಪಡೆಯಲ್ಲಿ ನೆಟ್‌ವರ್ಕ್ ಕಟ್ಟಿದ ತಿಂಗಳುಗಳನ್ನು ಯಾವ ಕಂಪನಿಯಾದರೂ ಅನುಭವವೆಂದು ಎಣಿಸಿದ್ದುಂಟೆ? ಕಂಪನಿಯ ತಿಂಗಳುಗಳನ್ನು ಪಡೆ ಎಣಿಸಿದ್ದುಂಟೆ? ಹಾಗೆ ಎಣಿಸಿಕೊಂಡವರು, ಎಣಿಸಿಕೊಟ್ಟವರು, ನಿಯಮ ಬಲ್ಲವರು ಯಾರಿದ್ದರೂ ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ‘ಇಲ್ಲ’ ಎಂದಾದರೂ ಬರೆಯಿರಿ. ನಮ್ಮ ಕಾಕಾ ಇಷ್ಟು ವರ್ಷ ಅದನ್ನೂ ಕೇಳಿಲ್ಲ.