ಜೋಳದ ಚೀಲ ಮತ್ತು ನನ್ನ ಸ್ವಂತ ತಾಲೀಮು

ಕಾರ ಹುಣ್ಣಿಮೆಯ ದಿನ ಕ್ವಿಂಟಲ್ ಚೀಲವನ್ನು ನೆಲದಿಂದೆತ್ತಿ ಹೆಗಲ ಮೇಲೆ ಹೊತ್ತು ತೋರಿಸದಿದ್ದರೆ ನಾನು ಪರಮಾನಂದನೇ ಅಲ್ಲ! ಹೀಗೆಂದು ನಾನು ಗುಡುಗಿದ್ದು ಬಚ್ಚಲುಮನೆಯಲ್ಲಿ. ಬೀಳಗಿಯ ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಅರ್ಧ ಬಾಗಿಲು. ಹೀಗಾಗಿ ಪ್ರತಿಜ್ಞೆ ಓಣಿಗೆಲ್ಲ ಕೇಳಿಸಿತು, ವಾಪಸು ಪಡೆಯಲು ದಾರಿ ಉಳಿಯಲಿಲ್ಲ.

ಭಾರ ಎತ್ತುವುದು ನನಗೆ ಹೊಸದಲ್ಲ. ಕಾಲೇಜಿನ ದಿನಗಳಿಂದ ತಾಲೀಮು ಮಾಡಿದ ಮೈ ಇದು. ಸರಕಾರಿ ಕಚೇರಿಯ ಗುಮಾಸ್ತನಾಗಿ ಕುರ್ಚಿಗೆ ಅಂಟಿಕೊಂಡ ಮೇಲೂ ಬೆಳಗಿನ ದಂಡ, ಕೂತೇಳುವ ಸಪಾಟಿ ಬಿಟ್ಟವನಲ್ಲ. ಬಾಡಗಂಡಿಯ ಆಚೆಗಿರುವ ನನ್ನ ಹೆಂಡತಿಯ ತವರೂರಿನಲ್ಲಿ ಪ್ರತಿ ಕಾರ ಹುಣ್ಣಿಮೆಗೆ ಭಾರ ಎತ್ತುವ ಪಂದ್ಯ ಇರುತ್ತದೆ. ಮದುವೆಯಾದ ಹೊಸತರಲ್ಲಿ ಅಲ್ಲಿ ಕ್ವಿಂಟಲ್ ಚೀಲ ಎತ್ತಿ, ಅಳಿಯ ಅಂದರೆ ಹೀಗಿರಬೇಕು ಎನ್ನಿಸಿಕೊಂಡಿದ್ದೆ. ಅಲ್ಲಿಂದೀಚೆಗೆ ಆ ಊರಿನಲ್ಲಿ ನನಗೆ ಸಿಕ್ಕ ಮರ್ಯಾದೆಯೆಲ್ಲ ಆ ಚೀಲದ್ದೇ. ನನ್ನ ಡಿಗ್ರಿಗಾಗಲಿ ಸಂಬಳಕ್ಕಾಗಲಿ ಅಲ್ಲಿ ಯಾರೂ ಎದ್ದು ಜಾಗ ಕೊಟ್ಟಿಲ್ಲ.

ಆದರೆ ಹೋದ ವರ್ಷ ಒಂದು ಎಡವಟ್ಟಾಯಿತು. ಚೀಲ ತೊಡೆಗೆ ಬಂತು, ಎದೆಗೂ ಬಂತು, ಅಲ್ಲಿ ಸ್ವಲ್ಪ ಹೊತ್ತು ನಿಂತು ವಿಚಾರ ಮಾಡಿ ಮತ್ತೆ ನೆಲಕ್ಕೇ ಇಳಿಯಿತು. ಜನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನೀರು ಕೊಟ್ಟು, ಗಾಳಿ ಹಾಕಿ, ನೆರಳಿಗೆ ಕರೆದುಕೊಂಡು ಹೋದರು. ನನಗಾಗ ನಲವತ್ತಾರು ದಾಟಿತ್ತು.

ಈ ವರ್ಷ ಸುಗ್ಗಿ ಮುಗಿದು ಮಾರ್ಚ್ ಬಂದಾಗ ನನ್ನ ಹೆಂಡತಿಯ ತಮ್ಮ ದಶರಥ ಎಂದಿನಂತೆ ನಮ್ಮ ಮನೆಗೆ ಜೋಳದ ಚೀಲ ತಂದು ಇಳಿಸಿದ. ಜೊತೆಗೆ ಒಂದು ಸುದ್ದಿಯನ್ನೂ ಇಳಿಸಿದ. ಅವನು ಪಂದ್ಯದ ಕಮಿಟಿಯಲ್ಲಿದ್ದಾನೆ.

"ಮಾಮಾ, ಈ ಸಲ ನೀವು ಚೀಲ ಮುಟ್ಟೂದು ಬ್ಯಾಡ್ರಿ. ವೇದಿಕಿ ಮ್ಯಾಲೆ ಕುಂದರ್ರಿ. ಶಾಲು ಹೊಚ್ಚತೀವಿ, ಹಾರ ಹಾಕತೀವಿ."

ಶಾಲು! ಒಮ್ಮೆ ಶಾಲು ಹೊದಿಸಿಕೊಂಡವನನ್ನು ಮುಂದೆ ಯಾವ ಪಂದ್ಯಕ್ಕೂ ಕರೆಯುವುದಿಲ್ಲ. ನಿವೃತ್ತ ಮಾಸ್ತರರ ಪಕ್ಕ ಕೂರಿಸಿ, ಎರಡು ಮಾತು ಆಡಿಸಿ, ಚುರುಮುರಿ ತಿನ್ನಿಸಿ ಕಳಿಸುತ್ತಾರೆ. ನನಗೆ ಅಳುವೇ ಬಂತು, ಅದನ್ನು ಕೆಮ್ಮಿನಲ್ಲಿ ಮುಗಿಸಿದೆ. ಕೊನೆಗೆ ದಶರಥನ ಜೊತೆ ಒಪ್ಪಂದವಾಯಿತು. ಈ ಸಲ ಚೀಲ ಹೆಗಲಿಗೇರಿದರೆ ಶಾಲಿನ ಮಾತು ಮುಂದಕ್ಕೆ. ಏರದಿದ್ದರೆ ಮುಂದಿನ ವರ್ಷದಿಂದ ನಾನು ವೇದಿಕೆಯ ಸೊತ್ತು. ಅವನು ಹೋದ ಮೇಲೆ ಬಚ್ಚಲುಮನೆಗೆ ಹೋಗಿ ಮೇಲಿನ ಪ್ರತಿಜ್ಞೆ ಮಾಡಿದೆ.

ಇನ್ನು ಯಾವ ತಾಲೀಮು ಹಿಡಿಯುವುದು? ಹದಿನೆಂಟರ ಹುಡುಗನಾದರೆ ಏನು ಮಾಡಿದರೂ ನಡೆಯುತ್ತದೆ. ಪಳಗಿದ ಮೈ, ಹಳೆಯ ಮೊಣಕಾಲು, ಮುನಿಸಿಕೊಳ್ಳುವ ಬೆನ್ನು ಇರುವವನು ಆರಿಸಿ ಹಿಡಿಯಬೇಕು. ಮೊದಲು ಗರಡಿಯ ಲಗಮಪ್ಪ ಉಸ್ತಾದರ ಬಳಿ ಹೋದೆ. ಅವರು ಬೆಳಗ್ಗೆ ಸಂಜೆ ಸಪಾಟಿ ಹೊಡೆಯಬೇಕೆಂದರು, ಮರದ ಗದೆಯ ಜೋಡಿ ತಿರುಗಿಸಬೇಕೆಂದರು, ಊಟಕ್ಕೆ ತುಪ್ಪ ಬಾದಾಮಿ ಬೇಕೆಂದರು, ಕಾರ ಹುಣ್ಣಿಮೆಯವರೆಗೆ ಕಟ್ಟುನಿಟ್ಟಾಗಿ ಬ್ರಹ್ಮಚರ್ಯ ಪಾಲಿಸಬೇಕೆಂದರು. ಮನೆಗೆ ಬಂದು ಈ ಕೊನೆಯ ನಿಯಮವನ್ನು ಗಂಭೀರವಾಗಿ ಹೆಂಡತಿ ಸರಿತಾಳಿಗೆ ತಿಳಿಸಿದೆ. ಅವಳು ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತದೆ, ಅದು ಈಗಾಗಲೇ ನಡೆದಿದೆಯಲ್ಲ, ಬೇರೆ ಏನು ಹೇಳಿದರು ಎಂದು ಕೇಳಿದಳು.

ಎರಡನೆಯದು ಬಸ್‌ಸ್ಟ್ಯಾಂಡ್ ಹತ್ತಿರ ಹೊಸದಾಗಿ ತೆರೆದ ಜಿಮ್ಮು. ನಾಲ್ಕೂ ಗೋಡೆಗೆ ಕನ್ನಡಿ. ಅಲ್ಲಿನ ಮಾಸ್ತರ ಅಮೇಯ ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಕಾಲು ಎಂದು ನನ್ನ ದೇಹವನ್ನು ವಾರಕ್ಕೆಲ್ಲ ಹಂಚಿಬಿಟ್ಟ. ಚೀಲ ಎತ್ತುವಾಗ ಎದೆ, ಬೆನ್ನು, ಕಾಲು ಮೂರೂ ಒಂದೇ ದಿನ ಹಾಜರಿರಬೇಕಲ್ಲ ಎಂದು ಕೇಳಿದರೆ, ಅಂಕಲ್, ಸೈನ್ಸ್ ಹಂಗ ಹೇಳತೈತ್ರಿ ಎಂದ. ಅಂಕಲ್ ಎಂದ ಮೇಲೆ ಅಲ್ಲಿ ನಿಲ್ಲುವ ಮನಸ್ಸಾಗಲಿಲ್ಲ.

ಮೂರನೆಯದನ್ನು ಕಾಲೇಜಿಗೆ ಹೋಗುವ ಮಗಳು ಯಶೋಧರಾ ಇಂಟರ್ನೆಟ್ಟಿನಿಂದ ತೆಗೆದು ಓದಿ ಹೇಳಿದಳು. ನಲವತ್ತು ದಾಟಿದ ಪಳಗಿದವರಿಗಾಗಿಯೇ ಮಾಡಿದ ಕ್ರಮವಂತೆ ಅದು. ಕಡಿಮೆಯಿಂದ ಶುರು ಮಾಡಿ ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು, ನಡುನಡುವೆ ಒಂದು ವಾರ ಹಗುರಾಗಿ ಮಾಡಬೇಕು, ಚೆನ್ನಾಗಿ ಉಣ್ಣಬೇಕು, ಚೆನ್ನಾಗಿ ಮಲಗಬೇಕು, ಸೊಂಟದ ಸುತ್ತಳತೆ ನೋಡುತ್ತಿರಬೇಕು. ಎತ್ತಿದ ಭಾರವೇ ದಿನದಿಂದ ದಿನಕ್ಕೆ ಹಗುರವೆನಿಸಿದರೆ ಬಲ ಬಂತೆಂದು ತಿಳಿಯಬೇಕು. ಈ ಕೊನೆಯ ಮಾತು ನನ್ನ ಮನಸ್ಸಿಗೆ ನಾಟಿತು.

ಮೂರನ್ನೂ ತೂಗಿ ನೋಡಿ ನಾನು ನನ್ನದೇ ಒಂದು ಕ್ರಮ ರಚಿಸಿದೆ. ಉಸ್ತಾದರಿಂದ ತುಪ್ಪ ತೆಗೆದುಕೊಂಡೆ. ಜಿಮ್ಮಿನಿಂದ ಕನ್ನಡಿ ತೆಗೆದುಕೊಂಡೆ, ಅಂದರೆ ಸರಿತಾಳ ಅಲಮಾರಿನ ಕನ್ನಡಿ ಪಡಸಾಲೆಗೆ ಬಂತು. ಇಂಟರ್ನೆಟ್ಟಿನಿಂದ ಚೆನ್ನಾಗಿ ಉಣ್ಣುವುದನ್ನೂ ಮಲಗುವುದನ್ನೂ ತೆಗೆದುಕೊಂಡೆ. ಎತ್ತುವುದಕ್ಕೆ ದಶರಥ ತಂದ ಚೀಲವೇ ಇತ್ತಲ್ಲ, ಬರೋಬ್ಬರಿ ಕ್ವಿಂಟಲ್! ಪಂದ್ಯದಲ್ಲಿ ಎತ್ತಬೇಕಾದದ್ದೂ ಅಷ್ಟೇ. ಅದೇ ಚೀಲವನ್ನು ದಿನಾ ಎತ್ತಿದರೆ ಆಯಿತು. ಇಷ್ಟು ಸರಳವಾದದ್ದು ಯಾವ ಪಂಡಿತನಿಗೂ ಹೊಳೆದಿರಲಿಲ್ಲ.

"ಬೆನ್ನು ಹಿಡಕೊಂಡ್ರ ಎಣ್ಣಿ ತಿಕ್ಕೂದು ನನ್ನ ಪಾಲಿಗಿ ಬರತೈತಿ," ಎಂದಳು ಸರಿತಾ. "ಅದನ್ನೂ ನಿಮ್ಮ ಕ್ರಮದಾಗ ಸೇರಸ್ರಿ."

ಮೊದಲ ದಿನ ಚೀಲ ಎದೆಯವರೆಗೆ ಬಂದು ಧೊಪ್ಪೆಂದು ಬಿತ್ತು. ಪಕ್ಕದ ಮನೆಯವರು ಓಡಿ ಬಂದರು. ಆದರೆ ವಾರ ಕಳೆಯುವುದರಲ್ಲಿ ಎದೆಯ ಮೇಲೆ ನಿಲ್ಲತೊಡಗಿತು. ಯುಗಾದಿಯ ಹೊತ್ತಿಗೆ ಹೆಗಲ ಅಂಚು ಮುಟ್ಟಿತು. ಏಪ್ರಿಲ್ ಮುಗಿಯುವಾಗ ಹೆಗಲ ಮೇಲೇ ಕೂತಿತು! ಕನ್ನಡಿಯಲ್ಲಿ ನೋಡಿಕೊಂಡು ನನಗೆ ನಾನೇ ಶಾಬಾಸ್ ಎಂದೆ. ನಿಜ ಹೇಳುತ್ತೇನೆ, ಆ ದಿನ ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಬಲ ಬಂದಂತೆ ಹಸಿವೂ ಬಂತು. ಮೂರು ರೊಟ್ಟಿಗೆ ಏಳುತ್ತಿದ್ದವನು ಆರಕ್ಕೂ ಏಳದಾದೆ. ರೊಟ್ಟಿಯ ಮೇಲೆ ತುಪ್ಪ, ಪಕ್ಕಕ್ಕೆ ಜುಣಕ, ಮತ್ತೆ ರೊಟ್ಟಿ. ಕಚೇರಿಯಲ್ಲಿ ಸುದ್ದಿ ಹಬ್ಬಿ, ರವಿವಾರ ಬೆಳಗ್ಗೆ ಸಹೋದ್ಯೋಗಿಗಳು ನನ್ನ ಪ್ರದರ್ಶನ ನೋಡಲು ಬರತೊಡಗಿದರು. ಮನೆಗೆ ಬಂದವರನ್ನು ಹಾಗೇ ಕಳಿಸಲಾಗುತ್ತದೆಯೇ? ಅವರೂ ರೊಟ್ಟಿ ತಿಂದು ಚಪ್ಪಾಳೆ ತಟ್ಟಿ ಹೋದರು. ಮುಂದಿನ ರವಿವಾರ ತಮ್ಮ ನೆಂಟರನ್ನೂ ಕರೆತಂದರು.

ಚೀಲ ಸ್ವಲ್ಪ ಜೋಲಾಗಿದ್ದು ನನ್ನ ಗಮನಕ್ಕೆ ಬರಲಿಲ್ಲವೆಂದಲ್ಲ. ಹೊಸ ಜೋಳ ದಿನ ಕಳೆದಂತೆ ಕೂರುತ್ತದೆ ಎಂದು ನಾನೇ ಉತ್ತರ ಹೇಳಿಕೊಂಡೆ. ಯಶೋಧರಾ ಒಮ್ಮೆ, ಅಪ್ಪ, ಹಗುರಾದರೆ ಭಾರ ಏರಿಸಬೇಕಂತ ಬರೆದಾರಲ್ಲ ಎಂದಳು. ಪಂದ್ಯದ ಚೀಲ ಕ್ವಿಂಟಲ್ಲೇ ಇರುವಾಗ ಹೆಚ್ಚಿಗೆ ಎತ್ತುವುದು ಅಹಂಕಾರವಾಗುತ್ತದೆ ಎಂದು ಅವಳಿಗೆ ತಿಳಿಹೇಳಿದೆ. ಸರಿತಾ ಕೂಡ ಒಂದು ಬೆಳಗ್ಗೆ, ನಾನು ಮೈ ಒರೆಸಿಕೊಳ್ಳುತ್ತಿದ್ದಾಗ ಬಂದು ನಿಂತಳು.

"ಏನ್ರೀ, ಆ ಚೀಲದ್ದು ಒಂದು ಮಾತು ಹೇಳಬೇಕಿತ್ತು."

"ಚೀಲದ ಸುದ್ದಿ ನನಗ ಬಿಡು. ನೀ ರೊಟ್ಟಿ ನೋಡಕೋ."

ಅವಳು ನನ್ನನ್ನೊಮ್ಮೆ ನೋಡಿ, ಆತು ಎಂದು ಒಳಗೆ ಹೋದಳು.

ಕಾರ ಹುಣ್ಣಿಮೆ ಬಂತು. ಊರಿಗೆ ಊರೇ ಸೇರಿತ್ತು. ನಾನು ಅಂಗಿ ತೆಗೆದೆ. ಮೈಕು ನಾನೇ ಇಸಿದುಕೊಂಡು, ಚೀಲವನ್ನು ಬರೀ ಎತ್ತುವುದಲ್ಲ, ಹೊತ್ತು ಮೈದಾನ ಒಂದು ಸುತ್ತು ಬರುತ್ತೇನೆ ಎಂದು ಸಾರಿದೆ. ಸಿಳ್ಳೆ ಬಿದ್ದವು. ಬಗ್ಗಿದೆ, ಚೀಲದ ಎರಡೂ ಮೂಲೆ ಹಿಡಿದೆ, ಉಸಿರು ಕಟ್ಟಿ ಎತ್ತಿದೆ. ಚೀಲ ಅಲ್ಲೇ ಇತ್ತು. ಇನ್ನೊಮ್ಮೆ ಎತ್ತಿದೆ. ಹೋದ ವರ್ಷ ಎದೆಗೆ ಬಂದದ್ದು ಈ ವರ್ಷ ಮೊಣಕಾಲನ್ನೂ ಮುಟ್ಟಲಿಲ್ಲ. ಯಾರೋ ಪುಣ್ಯಾತ್ಮರು ಆಗಲೇ ನೀರಿನ ತಂಬಿಗೆ ಹಿಡಿದು ಬರುತ್ತಿದ್ದರು.

ಸೋತವನು ಸುಮ್ಮನೆ ನೀರು ಕುಡಿಯಬೇಕಿತ್ತು. ನಾನು ಮತ್ತೆ ಮೈಕು ಹಿಡಿದೆ. ತೂಕದಲ್ಲಿ ಮೋಸವಿದೆ ಎಂದೆ! ಚೀಲ ತೂಗಿದ್ದು ಕಮಿಟಿಯ ಹಿರಿಯ ಹುಲೆಪ್ಪ ಕಾಕಾ. ಊರಿನ ಜೋಳ, ಬೆಲ್ಲ ಎಲ್ಲವೂ ಮುಕ್ಕಾಲಿಗೆ ತೂಗುಬಿಟ್ಟ ಅವರ ಮುಳ್ಳಿನ ಕಾಟಾದಲ್ಲೇ ತೂಗುವುದು. ಅವರು ಎಲ್ಲರೆದುರು ಚೀಲವನ್ನು ಕಾಟಾದ ಕೊಕ್ಕೆಗೆ ಹಾಕಿಸಿದರು. ಮುಳ್ಳು ಸರಿಯಾಗಿ ನೂರಕ್ಕೆ ನಿಂತಿತು. ಹಾಗಾದರೆ ಕಾಟಾವೇ ಕೆಟ್ಟಿದೆ, ನಮ್ಮ ಮನೆಯಲ್ಲಿರುವುದೇ ನಿಜವಾದ ಕ್ವಿಂಟಲ್, ಅದನ್ನು ನಾನು ದಿನಾ ಎತ್ತುತ್ತೇನೆ ಎಂದು ವಾದಿಸಿದೆ. ಹುಲೆಪ್ಪ ಕಾಕಾರ ಮುಖ ಕೆಂಪೇರಿತು. ಕಾಟಾವನ್ನೂ ಮುಕ್ಕಾಲಿಯನ್ನೂ ಟೆಂಪೋದಲ್ಲಿ ಹಾಕಿಸಿ, ನಡೀರಿ ಬೀಳಗಿಗೆ ಎಂದರು. ದಶರಥ ಮತ್ತು ಇಡೀ ಕಮಿಟಿ ಹಿಂದೆ ಹತ್ತಿಕೊಂಡಿತು.

ಮನೆಯ ಪಡಸಾಲೆಯಲ್ಲಿ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ನನ್ನ ಚೀಲಕ್ಕೆ ಕೈ ಹಾಕಿದೆ. ತೊಡೆ, ಎದೆ, ಹೆಗಲು! ಮೂರು ಚಣದ ಕೆಲಸ. ಹೊತ್ತು ಪಡಸಾಲೆಯಲ್ಲಿ ಠಳಾಯಿಸಿದೆ ಕೂಡ. ಕಮಿಟಿ ಬೆರಗಾಯಿತು. ದಶರಥ, ಮಾಮಾ ತಪ್ಪಾತು ಎಂದು ಕೈ ಮುಗಿಯಲು ಮುಂದೆ ಬಂದ. ಹುಲೆಪ್ಪ ಕಾಕಾ ಬೆವರು ಒರೆಸಿಕೊಳ್ಳುತ್ತ, ಕಾಟಾ ಒಮ್ಮೆ ರಿಪೇರಿಗೆ ಕೊಡಬೇಕೇನೋ ಎಂದು ಗೊಣಗಿದರು. ಅಲ್ಲಿಗೆ ಬಿಟ್ಟಿದ್ದರೆ ನಾನು ಇಂದಿಗೂ ಆ ಊರಿನ ಹುಲಿಯಾಗಿರುತ್ತಿದ್ದೆ. ಆದರೆ ನನ್ನ ಬಾಯಿ ಕೇಳಬೇಕಲ್ಲ. ತೂಗಿ ನೋಡಿಯೇ ಹೋಗಬೇಕು ಎಂದು ಹಟ ಹಿಡಿದೆ.

ತೂಗಿದರು. ಮುಳ್ಳು ಮೂವತ್ತಾರಕ್ಕೆ ಹೋಗಿ ನಿಂತಿತು.

ದಶರಥ ಬಗ್ಗಿ ನೋಡಿದ, ನಾನೂ ಬಗ್ಗಿ ನೋಡಿದೆ. ಚೀಲದ ಬಾಯಿಯ ಸುತಳಿ ಬಿಚ್ಚಿದರೆ ಮೇಲೆಲ್ಲ ಒಣಗಿದ ಬೇವಿನ ಸೊಪ್ಪು. ಜೋಳ ಕಳುವಾಗಿದೆ ಎಂದು ನಾನು ಕೂಗಿದೆ. ಮನೆಯಲ್ಲಿ ಕಳ್ಳರು ಬಂದು ಹೋದರೂ ಯಾರಿಗೂ ಎಚ್ಚರವಿಲ್ಲ ಎಂದು ಹೆಂಡತಿಯ ಮೇಲೆ ಹರಿಹಾಯ್ದೆ. ಸರಿತಾ ಎಲ್ಲರಿಗೂ ಚಹಾ ಕೊಟ್ಟು ಮುಗಿಸಿ, ಖಾಲಿ ಟ್ರೇ ಹಿಡಿದು ನಿಂತಳು.

"ಕಳುವು ಏನೂ ಆಗಿಲ್ಲ. ಮಾರ್ಚ್‌ದಿಂದ ಮನ್ಯಾಗ ರೊಟ್ಟಿ ಇದ ಜ್ವಾಳದ್ದ ಆಗಾಕತ್ತಾವು. ನೀವು ಆಫೀಸಿಗಿ ಹೋದಮ್ಯಾಲೆ ತಗದು ಗಿರಣಿಗಿ ಒಯ್ದೇನಿ. ಹುಳ ಬೀಳಬಾರದಂತ ಮ್ಯಾಲೆ ಬೇವಿನ ಸೊಪ್ಪು ತುಂಬೇನಿ. ಹೇಳಾಕ ಬಂದ್ರ ಚೀಲದ ಸುದ್ದಿ ನನಗ ಬಿಡು ಅಂದ್ರಿ. ಬಿಟ್ಟೆ."

ರೊಟ್ಟಿ ಬುಟ್ಟಿಯಿಂದ ಬರುತ್ತದೆ ಎಂಬಲ್ಲಿಗೆ ನನ್ನ ತಿಳಿವಳಿಕೆ ನಿಂತಿತ್ತು, ಅದರಾಚೆ ಎಂದೂ ವಿಚಾರಿಸಿರಲಿಲ್ಲ. ದಶರಥ ತುಟಿ ಕಚ್ಚಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಶಾಲು ಯಾವ ಬಣ್ಣದ್ದು ತರುತ್ತೀರಿ ಎಂದು ಮೆಲ್ಲಗೆ ಕೇಳಿದೆ. ನಿಮಗೆ ಬೇಕಾದ ಬಣ್ಣ ಮಾಮಾ ಎಂದ.

ಹುಲೆಪ್ಪ ಕಾಕಾರಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಅವರ ಕಾಟಾದ ಮಾನದ ಪ್ರಶ್ನೆ ಅದು. ಮೂರು ಮಂದಿಯ ಮನೆಯಲ್ಲಿ ಇಷ್ಟು ಜೋಳ ಹೇಗೆ ಖರ್ಚಾಯಿತು, ಉಳಿದದ್ದು ಎಲ್ಲಿದೆ ಎಂದು ಸರಿತಾಳನ್ನು ಕೇಳಿದರು.

"ನಿಮ್ಮ ಕಾಟಾ ಖರೆನ ಐತ್ರಿ ಕಾಕಾ," ಎಂದಳು ಅವಳು. "ಉಳಿದದ್ದು ನೋಡಬೇಕಂದ್ರ, ಅಲ್ಲಿ ನಿಂತಾರಲ್ಲ, ಅವರನ್ನ ಒಮ್ಮಿ ಕೊಕ್ಕಿಗಿ ಹಾಕ್ರಿ."

ಕಾಕಾ ಅಂಗಿಯಿಲ್ಲದೆ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೊಟ್ಟೆಯ ಹತ್ತಿರ ಕಣ್ಣು ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ನೋಡಿದರು. ಆಮೇಲೆ ಕಾಟಾವನ್ನು ಮುಕ್ಕಾಲಿಯಿಂದ ಬಿಚ್ಚಿ ಜೋಪಾನವಾಗಿ ಬಗಲಲ್ಲಿ ಇಟ್ಟುಕೊಂಡರು.

"ಬ್ಯಾಡವಾ ತಂಗಿ," ಎಂದರು. "ಇದು ನೂರರ ಮ್ಯಾಲೆ ತೂಗೂದಿಲ್ಲ."